ಇಪ್ಪತ್ತೆರಡು ಚೇಳು

ಮದುವೆಯಾದ ಹದಿನಾಲ್ಕನೆಯ ದಿನ ಸಾವಕ್ಕನ ಗಂಡನಿಗೆ ಚೇಳು ಕಡಿಯಿತು. ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಬುಡದ ಒಂದು ಹಳ್ಳಿ ಅವರದು. ಬಣವೆಯಿಂದ ಜೋಳದ ಕಣಕಿ ಹಿರಿಯಲು ಹೋದ ಬೀರಲಿಂಗ ಹೆಬ್ಬೆರಳು ಹಿಡಿದುಕೊಂಡು ಅಂಗಳಕ್ಕೆ ಓಡಿಬಂದ. ನೌಕಾಪಡೆ ಸೇರಿ ಆಗಲೇ ಎರಡು ವರ್ಷ ಸಮುದ್ರದ ಮೇಲೆ ಕಳೆದಿದ್ದ ಆಳೆತ್ತರದ ಮನುಷ್ಯ, ಹಿರಿಯರೆಲ್ಲ ನೋಡುತ್ತಿರುವಾಗಲೇ ಹೋ ಎಂದು ಅತ್ತುಬಿಟ್ಟ. ಹದಿನೇಳು ವರ್ಷದ ಸಾವಕ್ಕ ಒಲೆಯ ಮುಂದೆ ಕುಳಿತು, ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅದು 1971ರ ಬೇಸಿಗೆ. ರಜೆ ಮುಗಿಸಿ ಅವನು ಮುಂಬಯಿಗೆ ಹೊರಟಾಗ ಅವಳು ಒಂದು ಬಿಳಿಯ ಕರವಸ್ತ್ರ ಕೊಟ್ಟಳು. ಅದರ ಮೂಲೆಯಲ್ಲಿ ಕೆಂಪು ದಾರದ ಒಂದು ಚೇಳಿತ್ತು. ತಾಯಿಯಿಂದ ಕಲಿತ ಕಸೂತಿ ಅದು. ಎಳೆ ಎಣಿಸಿ ಹಾಕುವ ಹೊಲಿಗೆ, ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಎಲ್ಲಿಯೂ ಗಂಟು ಬೀಳಬಾರದು.

"ಇದನ್ನ ಅಲ್ಲಿ ಯಾರಿಗೂ ತೋರಸಬ್ಯಾಡ್ರಿ ಮತ್ತ. ನಗತಾರ ನಿಮಗ," ಅಂದಳು.

"ನೀ ನಕ್ಕಿದ್ದ ಸಾಕಾಗೇತಿ," ಅಂದ ಬೀರಲಿಂಗ. ಅವನು ಹೋದ ಮೇಲೆ ಆರು ಕಾಗದಗಳು ಬಂದವು. ಸಾವಕ್ಕನಿಗೆ ಓದು ಬರುತ್ತಿರಲಿಲ್ಲ. ಪೋಸ್ಟ್ ಮಾಸ್ತರರು ಕಟ್ಟೆಯ ಮೇಲೆ ಕುಳಿತು ಮನೆಮಂದಿಗೆಲ್ಲ ಕೇಳುವಂತೆ ಓದುತ್ತಿದ್ದರು. ಹಾಗೆ ಓದುತ್ತಾರೆಂದು ಗೊತ್ತಿದ್ದ ಅವನು ಎತ್ತು, ಮಳೆ, ಅಪ್ಪನ ಕೆಮ್ಮು ಇವನ್ನು ಬಿಟ್ಟು ಬೇರೇನನ್ನೂ ಬರೆಯುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಬೀರಲಿಂಗ ಹಡಗಿನ ಬಾಯ್ಲರ್ ನೋಡಿಕೊಳ್ಳುವ ಸ್ಟೋಕರ್ ಆಗಿದ್ದ. ಹಡಗಿಗೆ ಹೆಚ್ಚಿನ ಹಾನಿಯೇನೂ ಆಗಲಿಲ್ಲ, ಆದರೆ ಬಾಯ್ಲರ್ ಕೋಣೆಗೆ ಬೆಂಕಿ ಬಿದ್ದು ನಾಲ್ಕು ಜನ ಸತ್ತರು. ಅವರಲ್ಲಿ ಅವನೂ ಒಬ್ಬ. ಹೆಣವನ್ನು ಕಡಲಿಗೇ ಒಪ್ಪಿಸಿದರು. ಊರಿಗೆ ಮೊದಲು ತಾರು ಬಂತು, ಸಂಕ್ರಾಂತಿ ಕಳೆದ ಮೇಲೆ ಅವನ ಟ್ರಂಕು ಬಂತು.

ಟ್ರಂಕಿನಲ್ಲಿ ಎರಡು ಜೊತೆ ಸಮವಸ್ತ್ರ, ಗಡ್ಡ ಹೆರೆಯುವ ಸಾಮಾನಿನ ಡಬ್ಬಿ, ಅಂಟು ಹಾಕಿಯೂ ಟಪಾಲಿಗೆ ಹಾಕದೆ ಉಳಿದ ಒಂದು ಕಾಗದ ಮತ್ತು ಕೆಲಸಕ್ಕೆ ಹಾಕುವ ನೀಲಿ ಅಂಗಿ ಇದ್ದವು. ಅಂಗಿಯ ಎದೆಜೇಬಿನ ಮುಚ್ಚಳ ಸ್ವಲ್ಪ ದಪ್ಪ ಅನ್ನಿಸಿ ಸಾವಕ್ಕ ಮಗುಚಿ ನೋಡಿದಳು. ಒಳಮಗ್ಗುಲಿಗೆ, ಹೊರಗಿನವರಿಗೆ ಕಾಣದ ಹಾಗೆ, ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡದಾದ ಬಟ್ಟೆಯ ಬಿಲ್ಲೆಯೊಂದನ್ನು ಹೊಲಿದಿದ್ದರು. ಬಿಲ್ಲೆಯ ಮೇಲೆ ಅವಳ ಚೇಳು.

ಚೇಳು ಅವಳದು, ಕೈ ಅವಳದಲ್ಲ. ಬಾಲ ಎಡಕ್ಕೆ ತಿರುಗಬೇಕಾದದ್ದು ಬಲಕ್ಕೆ ತಿರುಗಿತ್ತು. ಒಂದು ಅಂಚು ಬಿಚ್ಚಿ ಹಿಂಬದಿ ನೋಡಿದಳು. ಒಂದೂ ಗಂಟಿರಲಿಲ್ಲ. ಮಷೀನಿನ ಕೆಲಸವಲ್ಲ, ದರ್ಜಿಯ ಕೆಲಸವೂ ಅಲ್ಲ. ಇದು ಹೆಂಗಸಿನ ಕೈ, ಅದೂ ನಮ್ಮ ಕಡೆಯ ಹೆಂಗಸಿನ ಕೈ ಎಂದು ಅವಳಿಗೆ ತಕ್ಷಣ ತಿಳಿಯಿತು. ಯಾರಿಗೂ ತೋರಿಸಬೇಡಿ ಅಂದದ್ದನ್ನು ಅವನು ಒಬ್ಬಾಕೆಯ ಕೈಗೆ ಕೊಟ್ಟಿದ್ದ. ಆಕೆ ಅದನ್ನು ತನ್ನದೆಂಬಂತೆ ಹೊಲಿದು ಅವನ ಎದೆಗೆ ಕಟ್ಟಿದ್ದಳು. ಅದನ್ನವನು ಮುಚ್ಚಿಟ್ಟುಕೊಂಡಿದ್ದ.

ಸಾವಕ್ಕ ಯಾರಿಗೂ ಬಾಯಿ ಬಿಡಲಿಲ್ಲ. ಅವತ್ತು ಮಧ್ಯಾಹ್ನ ಅತ್ತೆ ನೀರಿಗೆ ಹೋದಾಗ ಏಳೂ ಕಾಗದಗಳನ್ನು ಒಲೆಗೆ ಹಾಕಿದಳು. ಏಳನೆಯದನ್ನು ಒಡೆದು ಸಹ ನೋಡಲಿಲ್ಲ. ಅಂಗಿಯನ್ನು ಮಸಿಅರಿವೆ ಮಾಡಿಕೊಂಡು ಬಿಸಿ ಪಾತ್ರೆ ಇಳಿಸಿದಳು. ಎರಡು ವರ್ಷಕ್ಕೆ ಅದೂ ಹರಿದುಹೋಯಿತು.

ಬೀರಲಿಂಗನ ತಮ್ಮ ಸಕ್ರಪ್ಪನೊಂದಿಗೆ ಉಡಕಿ ಮಾಡಿಸೋಣವೆಂದು, ಅಂದರೆ ಎರಡನೆಯ ಮದುವೆ ಮಾಡಿಸೋಣವೆಂದು ಹಿರಿಯರು ಮಾತೆತ್ತಿದರು. ಅವರಲ್ಲಿ ಅದು ನಡೆದು ಬಂದ ರೂಢಿ. "ಒಬ್ಬನ್ನ ಕಂಡದ್ದ ಸಾಕು," ಅಂದಳು ಸಾವಕ್ಕ. ಸತ್ತ ಗಂಡನ ಮೇಲೆ ಎಂಥ ಪ್ರೀತಿ ಎಂದು ಊರು ಕೊಂಡಾಡಿತು. ಆ ಹೊಗಳಿಕೆಯನ್ನು ಕೇಳಿಸಿಕೊಂಡು ಅಲ್ಲಿರಲಾರದೆ ಅವಳು ಶಿರಹಟ್ಟಿಗೆ ಬಂದು, ಬಾಲಕಿಯರ ಹಾಸ್ಟೆಲ್ಲೊಂದರಲ್ಲಿ ಅಡುಗೆಗೆ ನಿಂತಳು. ಮೂವತ್ತೆರಡು ವರ್ಷ ರೊಟ್ಟಿ ಬಡಿದಳು. ಹುಡುಗಿಯರ ತಲೆ ಬಾಚಿದಳು, ಜ್ವರ ಬಂದವರಿಗೆ ಗಂಜಿ ಕಾಸಿದಳು. ಸೂಜಿಯನ್ನು ಮಾತ್ರ ಮುಟ್ಟಲಿಲ್ಲ. ಗುಂಡಿ ಕಿತ್ತುಹೋಗಿದೆ ಎಂದು ಯಾರಾದರೂ ಲಂಗ ತಂದರೆ, "ನನಗ ಬರಂಗಿಲ್ಲ, ದರ್ಜಿ ಕಡೆ ಹೋಗು," ಎಂದು ಸಾಗಹಾಕುತ್ತಿದ್ದಳು. ಆ ಹುಡುಗಿಯರಲ್ಲಿ ಒಬ್ಬಳಾದ ಶಿವಲಕ್ಷ್ಮಿ ಅದೇ ಊರಿನಲ್ಲಿ ಶಿಕ್ಷಕಿಯಾದಳು. ಸಾವಕ್ಕನ ಕೆಲಸ ಮುಗಿದ ದಿನ ತಾನೇ ಬಂದು ಅವಳ ಗಂಟು ಎತ್ತಿಕೊಂಡು ಮನೆಗೆ ಕರೆದೊಯ್ದಳು.

ಇಷ್ಟೆಲ್ಲ ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ. ನಾನು ಲಕ್ಷ್ಮೇಶ್ವರದವನು, ಹೆಸರು ಕನಕರಾಜ. ಇಪ್ಪತ್ತೊಂದು ವರ್ಷ ನೌಕಾಪಡೆಯಲ್ಲಿದ್ದು ನಿವೃತ್ತನಾದೆ. ಯುದ್ಧಕಾಲದಲ್ಲಿ ನಾವಿಕರು ತಮ್ಮತಮ್ಮೊಳಗೇ ಮಾಡಿಸಿಕೊಂಡ ಬಟ್ಟೆ ಬಿಲ್ಲೆಗಳ ಮೂಲ ಹುಡುಕುವುದು ನನ್ನ ಹುಚ್ಚು. ಸಮವಸ್ತ್ರದ ನಿಯಮದಲ್ಲಿ ಅವಕ್ಕೆ ಜಾಗವಿಲ್ಲ, ಯಾವ ಕಡತದಲ್ಲೂ ಅವು ಸಿಗುವುದಿಲ್ಲ. ಒಂದು ತಂಡದವರು ಒಂದು ಗುರುತು ಇಟ್ಟುಕೊಳ್ಳುತ್ತಾರೆ, ಬಂದರಿನ ದರ್ಜಿಯ ಹತ್ತಿರ ಹೊಲಿಸುತ್ತಾರೆ, ಮೇಲಧಿಕಾರಿಯ ಕಣ್ಣಿಗೆ ಬೀಳದ ಕಡೆ ಹಾಕಿಕೊಳ್ಳುತ್ತಾರೆ. ಅವರು ಸತ್ತರೆ ಗುರುತಿನ ಕತೆಯೂ ಹೋಯಿತು.

ಕಾರವಾರದ ಒಬ್ಬ ಮುದಿ ಸ್ಟೋಕರ್ ನನಗೆ ಕೆಂಪು ಚೇಳಿನ ಬಿಲ್ಲೆಯೊಂದನ್ನು ಕೊಟ್ಟರು. ಚಿತ್ರ ತಂದವನು ಬೀರಲಿಂಗ ಎಂಬ ಮುಂಡರಗಿ ಕಡೆಯ ಹುಡುಗ, ಹೊಲಿಸಿದ್ದು ಮುಂಬಯಿಯ ಹಡಗುಕಟ್ಟೆಯ ಗೇಟಿನ ಹೊರಗೆ, ಬೆಟಗೇರಿ ಮೂಲದ ಒಬ್ಬ ದರ್ಜಿಯ ಅಂಗಡಿಯಲ್ಲಿ. ದರ್ಜಿಯ ಹೆಸರು ಅವರಿಗೆ ನೆನಪಿರಲಿಲ್ಲ. ಮಾಜಿ ಸೈನಿಕರ ಪಿಂಚಣಿ ಕಾಗದಪತ್ರಗಳಿಗಾಗಿ ನಾನು ಓಡಾಡುವುದಿದೆಯಾದ್ದರಿಂದ ಬೀರಲಿಂಗನ ಹೆಂಡತಿಯ ವಿಳಾಸ ಸಿಕ್ಕಿತು. ಮುದುಕಿಗೆ ಸಂತೋಷವಾಗುತ್ತದೆ ಎಂದುಕೊಂಡೇ ಶಿರಹಟ್ಟಿಗೆ ಹೋದೆ.

ಸಾವಕ್ಕ ಬಿಲ್ಲೆಯನ್ನು ಮಗುಚಿ ಹಿಂಬದಿ ನೋಡಿದಳು.

"ಎಲ್ಲಿ ಸಿಕ್ತು ಇದು?"

"ಕಾರವಾರದಾಗ ರೀ. ನಿಮ್ಮ ಯಜಮಾನ್ರ ಜೋಡಿ ಕೆಲಸ ಮಾಡಿದವರು ಕೊಟ್ರು."

"ಅವನ ಹತ್ರ ಯಾಕ ಬಂತು?"

"ಅವರೊಬ್ಬರ ಹತ್ರ ಅಲ್ರಿ. ಬಾಯ್ಲರ್ ಕೋಣ್ಯಾಗ ಇದ್ದ ಇಪ್ಪತ್ತೆರಡು ಮಂದೀನೂ ಹಾಕ್ಕೊಂಡಿದ್ರಂತ."

ಶಿವಲಕ್ಷ್ಮಿ ಚಹಾ ತಂದಿಟ್ಟಳು, ಅದು ಆರಿಹೋಯಿತು.

"ಇಪ್ಪತ್ತೆರಡ?" ಎಂದಳು. ಆಮೇಲೆ, "ಹೊಲಿದಾಕಿ ಯಾರು?"

"ಯಾರೋ ದರ್ಜಿ ಅಂತ್ರಿ..."

"ದರ್ಜಿ ಅಲ್ಲ ತಮ್ಮಾ. ಹೆಂಗಸದಾಳ. ಹುಡುಕು ಆಕಿನ್ನ."

ಬೆಟಗೇರಿಯಲ್ಲಿ ಹದಿನೈದು ದಿನ ಹಳೆಯ ದರ್ಜಿಗಳನ್ನೆಲ್ಲ ಕೇಳುತ್ತ ತಿರುಗಿದೆ. ಕೊನೆಗೆ ಗುಂಡಿ ಮಾರುವ ಒಬ್ಬ ಮುದುಕ, ಮುಂಬಯಿಯಲ್ಲಿ ಅಂಗಡಿ ಇಟ್ಟವನು ಶೇಖಸಾಬ, ಅವನು ತೀರಿಕೊಂಡು ಇಪ್ಪತ್ತು ವರ್ಷವಾಯಿತು, ತಂಗಿ ದಿಲಶಾದಬಿ ನೇಕಾರರ ಓಣಿಯಲ್ಲಿದ್ದಾಳೆ ಅಂದ. ಸಾವಕ್ಕನಿಗೆ ಫೋನು ಮಾಡಿದೆ. "ನಾನೂ ಬರ್ತೀನಿ," ಅಂದಳು. ಗದಗಿನವರೆಗೆ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಕೈ ಕಟ್ಟಿಕೊಂಡು ಕುಳಿತೇ ಇದ್ದಳು. ತನ್ನ ಕತೆಯನ್ನು ನನಗೆ ಮೊದಲ ಸಲ ಹೇಳಿದ್ದು ಆ ಬಸ್ಸಿನಲ್ಲಿಯೇ. "ಐವತ್ತೆರಡು ವರ್ಷ ಆಕಿ ಮಾರಿ ಹ್ಯಾಂಗಿದ್ದೀತು ಅಂತ ಎಣಸೀನಿ. ಇವತ್ತ ನೋಡೇಬಿಡ್ತೀನಿ," ಎಂದಳು.

ಬಾಗಿಲು ತೆರೆದವಳು ಮೊಮ್ಮಗಳು ಫರ್ಹಾನಾ. ಒಳಗೆ ಕಿಟಕಿಯ ಬದಿಗೆ, ಕಣ್ಣಿಗೆ ಪೊರೆ ಬಂದ ಒಬ್ಬ ಸಣ್ಣ ಮುದುಕಿ ಕುಳಿತಿದ್ದಳು. ಸಾವಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೂರದೆ ನಿಂತೇ ಇದ್ದಳು.

ನಾನು ಬಿಲ್ಲೆಯನ್ನು ದಿಲಶಾದಬಿಯ ಕೈಗೆ ಕೊಟ್ಟೆ. ಅವಳು ನೋಡಲಿಲ್ಲ, ಬೆರಳಿನಿಂದ ಸವರಿದಳು. ಮಗುಚಿ ಹಿಂಬದಿಯನ್ನೂ ಸವರಿದಳು.

"ನಂದ ಇದು," ಅಂದಳು. "ಯಾ ಅಲ್ಲಾ, ಇನ್ನೂ ಉಳದೈತೇನು? ಇದರ ಬಾಲ ತಪ್ಪೈತಿ ನೋಡ್ರಿ. ಒಂದರಾಗ ತಪ್ಪಿತು, ಮುಂದ ಇಪ್ಪತ್ತೆರಡರಾಗೂ ಹಂಗ ಹಾಕಿದೆ."

"ಕಸೂತಿ ನಿಮಗ ಯಾರು ಕಲಿಸಿದ್ರಿ ಅಮ್ಮಾರ?" ನಾನು ಕೇಳಿದೆ.

"ಇದ ಓಣ್ಯಾಗ ನೀಲಗಂಗವ್ವ ಅಂತ ಇದ್ರು, ಅವರು. ಮುಂದ ಅಣ್ಣನ ಸಂಸಾರದ ಜೋಡಿ ಮುಂಬಯಿಗೆ ಹ್ವಾದೆ. ಅಂಗಡಿ ಹಿಂದ ಪರದೆ, ಪರದೆ ಹಿಂದ ನಾನು. ನನಗಾಗ ಹದಿನೈದು. ಈ ಚೇಳು ತಂದಾಂವ ನಮ್ಮ ಕಡೇ ಮಾತಾಡತಿದ್ದ, ಅದಕ್ಕ ನೆನಪೈತಿ. ಕೈವಸ್ತ್ರ ಬಿಟ್ಟು ಹೋಗಪಾ, ನೋಡಿ ಹೊಲೀತಾಳ ಅಂದ ಅಣ್ಣ. ಅಂವ ಬಿಡವಲ್ಲ. 'ಇದು ನನ್ನ ಕೈ ಬಿಟ್ಟು ಹೋಗಂಗಿಲ್ಲ, ಹೆಂಡ್ತಿ ಹಾಕಿಕೊಟ್ಟಾಳ' ಅಂದ. ನಾ ಎಳಿ ಎಣಿಸಿ ಕಾಗದದ ಮ್ಯಾಲ ತಕ್ಕೊಳ್ಳೋತನಕ ಅಲ್ಲೇ ಕುಂತಿದ್ದ. ಅವಸರಾ ಮಾಡಿದೆ, ಅದಕ್ಕ ಬಾಲ ತಪ್ಪಿತು."

"ನೀ ಅಂವನ್ನ ನೋಡೀಯೇನು?" ಸಾವಕ್ಕ ಕೇಳಿದಳು.

"ಪರದೆ ಸಂದಿಲೆ ಒಂದ ಸಲ. ಬೆನ್ನು ನೋಡೀನಿ. ಉಳದದ್ದು ಬರೇ ದನಿ," ಅಂದಳು ದಿಲಶಾದಬಿ. ಆಮೇಲೆ ತಲೆ ಎತ್ತಿ ಕೇಳಿದಳು, "ನೀವು ಯಾರ್ರಿ ಅಕ್ಕಾರ?"

ನಾನು ಹೇಳಿದೆ. ದಿಲಶಾದಬಿ ಕೈ ಚಾಚಿ ಗಾಳಿಯಲ್ಲಿ ಹುಡುಕಿ, ಸಾವಕ್ಕನ ಸೀರೆಯ ನೆರಿಗೆ ಸಿಕ್ಕಿದ್ದನ್ನೇ ಹಿಡಿದುಕೊಂಡಳು.

"ನಿಮಗ ಭಾಳ ಅಂಜತಿದ್ನರಿ ಅಂವ! ಯಾರಿಗೂ ತೋರಸಬ್ಯಾಡ ಅಂದಿದ್ರಂತಲ್ಲ? ಕೆಲಸದಾಗ ಜೇಬಿನಿಂದ ಬಿದ್ದುಬಿಡ್ತಂತ. ಜೋಡೀದಾರರು ನೋಡಿ, ಬಾಯ್ಲರಿನ ಉಗಿ ಹಿಂಗ ಕಡೀತೈತಿ, ನಮಗೂ ಇದ ಗುರುತು ಇರಲಿ ಅಂದ್ರಂತ. ಬಿಲ್ಲೆ ಎಲ್ಲಾ ತಕ್ಕೊಂಡು ಹೋಗೋ ದಿನ ಅಂಗಡ್ಯಾಗ ಕುಂತು ನಿಮಗ ಕಾಗದ ಬರದ. ಬರದು ಅಣ್ಣಗ ಓದಿ ಹೇಳಿದ. 'ಸಿಟ್ಟಿಗೆ ಏಳಬ್ಯಾಡ, ನಿನ್ನ ಚೇಳು ಈಗ ಇಪ್ಪತ್ತೆರಡು ಮಂದಿ ಎದಿ ಮ್ಯಾಲ ಐತಿ' ಅಂತ. ಪೋಸ್ಟ್ ಮಾಸ್ತರ ಓದತಾರ ಅಂತ ತಾನ ಹೇಳಿದಾಂವಗ ಅವತ್ತ ಆ ಖಬರೂ ಇರಲಿಲ್ಲ, ಇನ್ನೂ ಏನೇನೋ ಬರದಿದ್ದ. ಕಾಗದ ಬಂತಲ್ರಿ ನಿಮಗ?"

ಸಾವಕ್ಕ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತಳು.

"ಬಂದಿತ್ತು," ಅಂದಳು. "ಒಡೀಲಿಲ್ಲ ನಾ. ಒಲಿಗೆ ಹಾಕಿದೆ."

ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ಫರ್ಹಾನಾ ನೀರು ತಂದಳು. ಸಾವಕ್ಕ ಲೋಟ ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಆಡಿದಳು. "ಸತ್ತಾಂವಗ ನಾ ಒಂದ ದಿನಾನೂ ಅತ್ತಿಲ್ಲ, ಕನಕರಾಜ."

ಹುಡುಕಿಕೊಂಡು ಹೋಗಬಾರದಿತ್ತು ಎಂದು ನನಗೆ ಅನ್ನಿಸಿದ್ದು ಆಗ. ಅವಳ ಸಿಟ್ಟು ಅವಳನ್ನು ಐವತ್ತೆರಡು ವರ್ಷ ನಡೆಸಿಕೊಂಡು ಬಂದಿತ್ತು. ಈಗ ಎಪ್ಪತ್ತರ ವಯಸ್ಸಿನಲ್ಲಿ ಹದಿನೇಳರ ದುಃಖ ಶುರುವಾಯಿತು. ಅವಳು ಊಟ ಬಿಟ್ಟು ಕೂರುತ್ತಾಳೆ ಎಂದು ಶಿವಲಕ್ಷ್ಮಿ ಫೋನು ಮಾಡುತ್ತಿದ್ದಳು. ಆ ವರ್ಷದ ಮಹಾನವಮಿ ಅಮಾವಾಸ್ಯೆಗೆ, ಅಂದರೆ ಮಹಾಲಯಕ್ಕೆ, ಸಾವಕ್ಕ ಮೊದಲ ಸಲ ಗಂಡನ ಹೆಸರಿನಲ್ಲಿ ಎಡೆ ಇಟ್ಟಳು. ಅವನಿಗೆ ಏನು ಇಷ್ಟ ಎಂದು ಶಿವಲಕ್ಷ್ಮಿ ಕೇಳಿದರೆ ಅವಳಿಗೆ ಹೇಳಲಾಗಲಿಲ್ಲ. ಮದುವೆಯಾಗಿ ಅವನ ಜೊತೆ ಇದ್ದದ್ದೇ ಮೂವತ್ತೊಂದು ದಿನ.

ಆಮೇಲೆ ತಿಂಗಳಿಗೊಮ್ಮೆ ಬೆಟಗೇರಿಗೆ ಹೊರಡತೊಡಗಿದಳು. ಕೆಲವು ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ಇಬ್ಬರೂ ಮುದುಕಿಯರು ಕಿಟಕಿಯ ಬದಿಗೆ ಕುಳಿತು ಅದೂ ಇದೂ ಮಾತಾಡುವರು. ಕಡೆಗೆ ಸಾವಕ್ಕ ಕೇಳುವಳು, "ತಂಗೀ, ಆ ಕಾಗದದಾಗ ಮುಂದ ಏನಿತ್ತು?"

"ಅಷ್ಟ ನೆನಪೈತಿ ಅಕ್ಕಾರ. ಎದಿ ಮ್ಯಾಲ ಐತಿ ಅನ್ನೋತನಕ."

"ಇನ್ನೂ ಏನೇನೋ ಇತ್ತು ಅಂದಿಯಲ್ಲ."

"ಇತ್ತರಿ. ಹುಡುಗಿ ಇದ್ದೆ, ಎಳಿ ಎಣಸಾಕ ಹತ್ತಿದ್ದೆ. ಕಿವಿ ಕೊಡಲಿಲ್ಲ."

ಪ್ರತಿ ತಿಂಗಳೂ ಇದೇ ಪ್ರಶ್ನೆ, ಇದೇ ಉತ್ತರ. ಒಂದು ದಿನ ಸಾವಕ್ಕ ಹಿತ್ತಲಿಗೆ ಹೋದಾಗ ದಿಲಶಾದಬಿ ನನ್ನ ತೋಳು ಹಿಡಿದು ತಗ್ಗಿದ ದನಿಯಲ್ಲಿ ಕೇಳಿದಳು.

"ಏನರ ಒಂದ ಛಲೋ ಮಾತು ಹುಟ್ಟಿಸಿ ಹೇಳಲೇನ್ರಿ? ಅಂವ ಬರದಿದ್ದ ಅಂತ?"

ನಾನು ಬಾಯಿ ತೆರೆಯುವ ಮೊದಲೇ ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಸುಳ್ಳು ಅಂತ ಆಕಿಗೆ ಗೊತ್ತಾದೀತು. ಗೊತ್ತಾದರೂ ನಂಬಿದಂಗ ಮಾಡತಾಳ. ಅದನ್ನ ನಾ ನೋಡಲಾರೆ."

ಹೋದ ಮಾಘದಲ್ಲಿ ಸಾವಕ್ಕನಿಗೆ ಎಂಟು ದಿನ ಜ್ವರ ಬಂತು, ಒಂಬತ್ತನೆಯ ದಿನ ತೀರಿಕೊಂಡಳು. ಫರ್ಹಾನಾ ಅಜ್ಜಿಯನ್ನು ಆಟೋದಲ್ಲಿ ಕರೆತಂದಳು. ದಿಲಶಾದಬಿ ಹೆಣದ ತಲೆಯ ಹತ್ತಿರ ಕುಳಿತು, ಮಣ್ಣಿಗೆ ಒಯ್ಯುವವರೆಗೂ ಸಾವಕ್ಕನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಹೊತ್ತವರು ಓಣಿಯ ತಿರುವು ದಾಟಿದ ಮೇಲೆ ಶಿವಲಕ್ಷ್ಮಿ ಬಂದು ಅವಳನ್ನು ಎಬ್ಬಿಸಿದಳು. ಇಬ್ಬರೂ ಒಳಗೆ ಹೋಗಿ, ಹಾಸಿಗೆ ಮಡಿಸಿ, ಮನೆ ಸಾರಿಸತೊಡಗಿದರು.