ಸತ್ತ ಕ್ಯಾಪ್ಟನ್ ಸಕ್ಕರೆ ಕೇಳಿದ ಸಾಲು

ನಮ್ಮ ಗ್ರಂಥಾಲಯದ ಹರಿದ ಪುಸ್ತಕಗಳನ್ನು ಇಪ್ಪತ್ತಮೂರು ವರ್ಷ ಹೊಲಿದುಕೊಟ್ಟ ಹೆಂಗಸನ್ನು ಎಲ್ಲರೂ ಸೂಜಿಯಕ್ಕ ಎಂದು ಕರೆಯುತ್ತಿದ್ದರು. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಎರಡಕ್ಕೆ ಬಂದು, ರಿಪೇರಿಯಾದವನ್ನು ಇಳಿಸಿ, ಬೆನ್ನು ಕಳಚಿದವನ್ನು ಎರಡು ಚೀಲಗಳಲ್ಲಿ ತುಂಬಿಕೊಂಡು ಹೊರಟುಬಿಡುವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಒಂದು ಒತ್ತುಯಂತ್ರ, ಅಂಚು ಕತ್ತರಿಸುವ ಯಂತ್ರ, ಗೋಂದಿನ ಡಬ್ಬಿ, ಕಿಟಕಿಯ ಬಳಿ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಕುಳಿತು ಅವರೇನು ಮಾಡುತ್ತಿದ್ದರೆಂದು ಗ್ರಂಥಾಲಯದಲ್ಲಿ ಯಾರೂ ಕೇಳಿರಲಿಲ್ಲ. ಅವರು ಓದುತ್ತಿದ್ದರು.

ಪುಸ್ತಕವೆಂಬುದು ಒಳಗಿನಿಂದ ಹದಿನಾರು ಹದಿನಾರು ಪುಟಗಳ ಮಡಿಕೆಗಳ ಕಟ್ಟು. ಕಸುಬಿನವರು ಆ ಒಂದೊಂದು ಮಡಿಕೆಯನ್ನು ಫಾರಂ ಎನ್ನುತ್ತಾರೆ. ಹಳೆಯ ದಾರ ಬಿಚ್ಚಿದ ಮೇಲೆ ಫಾರಂಗಳು ಬಿಡಿಬಿಡಿಯಾಗಿ ಮೇಜಿನ ಮೇಲೆ ಬೀಳುತ್ತವೆ. ಸೂಜಿಯಕ್ಕ ಒಂದು ಫಾರಂ ಓದುವರು, ಹೊಲಿಯುವರು; ಮತ್ತೊಂದು ಓದುವರು, ಹೊಲಿಯುವರು. ಹತ್ತನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು ಹೀಗೆ ಹೆಚ್ಚುಕಡಿಮೆ ಇಡೀ ಗ್ರಂಥಾಲಯವನ್ನು ಹದಿನಾರು ಪುಟಗಳ ಕಂತಿನಲ್ಲಿ ಮುಗಿಸಿದ್ದರು. ನಾವು ಅವರನ್ನು ಕೂಲಿಯವರೆಂದು ತಿಳಿದಿದ್ದೆವು.

ನಾವು ಎಂದರೆ ಓದುಗರ ಬಳಗ. ಪ್ರತಿ ಶನಿವಾರ ಸಂಜೆ ಐದಕ್ಕೆ ಗ್ರಂಥಾಲಯದ ಹಿಂಕೋಣೆಯಲ್ಲಿ ಸೇರಿ, ಹನ್ನೆರಡು ಸಂಪುಟಗಳ ಒಂದು ಬಾಹ್ಯಾಕಾಶ ಕಾದಂಬರಿ ಮಾಲೆಯ ಬಗ್ಗೆ ಅಭಿಪ್ರಾಯ ಹಂಚಿಕೊಳ್ಳುವುದು ಬಳಗದ ಏಕೈಕ ಉದ್ದೇಶ. ಆ ಮಾಲೆಯ ಮುದ್ರಣ ನಿಂತು ಬಹಳ ಕಾಲವಾಗಿದ್ದರಿಂದ ಎಂಟೂ ಮಂದಿ ಸದಸ್ಯರು ಗ್ರಂಥಾಲಯದ ಒಂದೇ ಪ್ರತಿಯನ್ನು ಸರದಿಯ ಮೇಲೆ ಓದುತ್ತಿದ್ದರು. ಅಧ್ಯಕ್ಷರು ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು. ಗ್ರಂಥಾಲಯ ಸಮಿತಿಯ ಅಧ್ಯಕ್ಷರೂ ಅವರೇ. ಔಷಧಿ ಅಂಗಡಿಯವರು ಬಾಯಿ ತೆರೆದರೆ ‘ಒಂದು ಪಾಯಿಂಟ್’ ಎಂದೇ ಆರಂಭ. ಆ ಪಾಯಿಂಟು ಎಂದೂ ಬಂದದ್ದಿಲ್ಲ. ಗ್ರಂಥಾಲಯದ ಸಹಾಯಕನಾದ ನಾನು ನಡಾವಳಿ ಬರೆಯುತ್ತಿದ್ದೆ. ನನಗೆ ಮತವಿರಲಿಲ್ಲ, ಅಭಿಪ್ರಾಯವೂ ಇರಬಾರದೆಂದು ನಿರೀಕ್ಷಿಸಲಾಗಿತ್ತು.

ಬಳಗದ ಕಿರೀಟವೆಂದರೆ ಎಂಟನೆಯ ಸಂಪುಟ. ಅದರಲ್ಲಿ ಗಾಯಗೊಂಡ ಕ್ಯಾಪ್ಟನ್ ಹಡಗಿನ ಕಿಟಕಿಗೆ ಒರಗಿ ಕೊನೆಯ ಉಸಿರೆಳೆದು, ಮರುಪುಟದ ಮೊದಲ ಸಾಲಿನಲ್ಲೇ, ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತು ಎನ್ನುತ್ತಾನೆ. ಇಂಥ ವಿಚಿತ್ರ ಜಿಗಿತಗಳು ಆ ಸಂಪುಟದಲ್ಲಿ ಒಟ್ಟು ಮೂರು. ಇದು ಕಾಲವೇ ಬಿರುಕುಬಿಟ್ಟ ಚಿತ್ರಣವೆಂದು ಅಧ್ಯಕ್ಷರು ಕಂಡುಹಿಡಿದಿದ್ದರು. ಮೂರು ಬಿರುಕುಗಳ ಸಿದ್ಧಾಂತ ಎಂದು ಅದಕ್ಕೆ ಹೆಸರಾಗಿತ್ತು. ಸಕ್ಕರೆಯ ಸಾಲೊಂದರ ಬಗ್ಗೆಯೇ ಹನ್ನೊಂದು ವರ್ಷಗಳಲ್ಲಿ ನಾನು ಅರವತ್ತೇಳು ಪುಟ ನಡಾವಳಿ ಬರೆದಿದ್ದೇನೆ. ಸಂಗೀತದ ಮೇಷ್ಟ್ರಮ್ಮ ಆ ಸಾಲು ಬಂದಾಗಲೆಲ್ಲ ಕರವಸ್ತ್ರ ತೆಗೆಯುತ್ತಿದ್ದರು.

ಈ ಸಿದ್ಧಾಂತದ ನಲವತ್ತೆರಡು ಪುಟಗಳ ಪ್ರಬಂಧವನ್ನು ಅಧ್ಯಕ್ಷರು ಓದುಗರ ದೊಡ್ಡ ಸಮ್ಮೇಳನವೊಂದರಲ್ಲಿ ಮಂಡಿಸುವುದೆಂದು ನಿಶ್ಚಯವಾಯಿತು. ಊರೂರಿನ ಓದುಗರು ತಮ್ಮ ತಮ್ಮ ಪ್ರತಿಗಳೊಂದಿಗೆ ಬರುವವರಿದ್ದರು. ವೇದಿಕೆಯ ಮೇಲೆ ಎತ್ತಿ ತೋರಿಸಲು ಎಂಟನೆಯ ಸಂಪುಟ ಚೆನ್ನಾಗಿ ಕಾಣಬೇಕಲ್ಲ? ಹೊಸ ರಟ್ಟು ಹಾಕಿಸಲು ಅದನ್ನು ಸೂಜಿಯಕ್ಕನಿಗೆ ಕೊಡುವಂತೆ ನನಗೆ ಸೂಚನೆಯಾಯಿತು.

ಆ ಶನಿವಾರ ಬಸ್ಸು ಕೈಕೊಟ್ಟು ಸೂಜಿಯಕ್ಕ ಐದೂವರೆಗೆ ಬಂದರು. ಹಿಂಕೋಣೆಯಲ್ಲಿ ಪ್ರಬಂಧದ ತಾಲೀಮು ನಡೆದಿತ್ತು. ಅಧ್ಯಕ್ಷರ ಧ್ವನಿ ಹೊರಗಿನ ಬೆಂಚಿನವರೆಗೂ ಬರುತ್ತಿತ್ತು. ಸಕ್ಕರೆಯ ಸಾಲಿಗೆ ಬಂದಾಗ ಸೂಜಿಯಕ್ಕ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟರು.

“ಇದೇನು, ಹೀಗೆ ಓದ್ತಾ ಇದಾರೆ?” ಎಂದು ನನ್ನನ್ನು ಕೇಳಿದರು.

“ಪುಸ್ತಕದಲ್ಲಿ ಹಾಗೇ ಇದೆಯಲ್ಲಕ್ಕಾ.”

“ಪುಸ್ತಕದಲ್ಲಿ ಹಾಗಿಲ್ಲ ಕಣಪ್ಪಾ. ಅವ್ನು ಚಹಾ ಕುಡಿದ ಮೇಲೆ ಸಾಯೋದು.”

ಮನೆಗೆ ಹೋಗಿ, ಹನ್ನೆರಡು ವರ್ಷದ ಹಿಂದೆ ತಾವೇ ಹೊಲಿದಿದ್ದ ಆ ಸಂಪುಟದ ದಾರ ಬಿಚ್ಚಿದರು. ಪ್ರತಿ ಫಾರಂನ ಬೆನ್ನಿಗೂ ಮುದ್ರಣಾಲಯದವರು ಒಂದು ಕಪ್ಪು ಗೀಟು ಹಾಕಿರುತ್ತಾರೆ, ಒಂದಕ್ಕಿಂತ ಮುಂದಿನದು ತುಸು ಕೆಳಗೆ. ಕ್ರಮ ಸರಿಯಿದ್ದರೆ ಗೀಟುಗಳು ಸಾಲಾಗಿ ಮೆಟ್ಟಿಲಿನಂತೆ ಇಳಿಯುತ್ತವೆ. ಇಲ್ಲಿ ಹತ್ತನೆಯ ಮೆಟ್ಟಿಲೂ ಹನ್ನೊಂದನೆಯದೂ ಅದಲುಬದಲಾಗಿದ್ದವು. ಸವೆದ ಅಂಚನ್ನು ನೇರ ಮಾಡಲು ಹೋಗಿ ಪುಟದ ಕೆಳಗಿನ ಸಂಖ್ಯೆಗಳನ್ನೂ ಅಂದೇ ಕತ್ತರಿಸಿಹಾಕಿದ್ದರಿಂದ ಓದುವವರಿಗೆ ಅನುಮಾನ ಬರುವ ದಾರಿಯೂ ಮುಚ್ಚಿಹೋಗಿತ್ತು.

ಅವರ ಗಂಡ ನಿವೃತ್ತ ಬಸ್ ಕಂಡಕ್ಟರ್. ಇಬ್ಬರ ನಡುವೆ ನಡೆದ ಮಾತನ್ನು ಸೂಜಿಯಕ್ಕ ಮುಂದೊಮ್ಮೆ ನನಗೆ ಹೇಳಿದ್ದು ಹೀಗೆ.

“ಅವತ್ತು ನೀನೊಂದು ಫಾರಂ ಹಿಡ್ಕೊಂಡು ಒಲೆ ಮುಂದೆ ನಿಂತಿದ್ದೆ. ಹಾಲು ಉಕ್ಕಿ ಹರೀತು. ನಂಗೆ ಚೆನ್ನಾಗಿ ನೆನಪಿದೆ.”

“ಕ್ಯಾಪ್ಟನ್ ಬದುಕ್ತಾನೋ ಇಲ್ವೋ ನೋಡ್ಬೇಕಿತ್ತು ಕಣ್ರೀ. ಹೊಲಿಯೋವರೆಗೆ ತಡ್ಕೊಳ್ಳೋಕಾಗ್ಲಿಲ್ಲ. ಮುಂದಿನ ಫಾರಂ ತಗೊಂಡು ಹೋದೆ. ಹಾಲಿನ ಗಡಿಬಿಡೀಲಿ ಎಲ್ಲಿಟ್ನೋ ಏನೋ.”

“ನೋಡಿದ್ಯಲ್ಲ, ಏನಾದ?”

“ಸತ್ತ.”

“ಸರಿ, ಈಗ ಹೇಳೋಕೆ ಹೋಗಿ ನಿನ್ನ ಕೆಲ್ಸಾನೂ ಸಾಯ್ಸು. ಆ ಮನುಷ್ಯ ಸಮಿತಿ ಅಧ್ಯಕ್ಷ. ಮೊದ್ಲು ಹೇಗಿತ್ತೋ ಹಾಗೇ ಹೊಲಿದು ಕೊಟ್ಟು ಬಾಯಿ ಮುಚ್ಕೊಂಡಿರು.”

“ಅಷ್ಟು ಜನದ ಮುಂದೆ ಓದಿದ್ರೆ ನಗ್ತಾರಲ್ರೀ ಅವ್ರನ್ನ.”

“ನಗೋದು ಅವ್ರನ್ನ. ನಿನ್ನ ಅಲ್ಲ.”

“ತಪ್ಪು ನಂದು.”

ಸುಮ್ಮನೆ ಸರಿಯಾದ ಕ್ರಮದಲ್ಲಿ ಹೊಲಿದುಕೊಡೋಣವೆಂದರೆ, ವೇದಿಕೆಯ ಮೇಲೆ ಪುಸ್ತಕ ತೆರೆದ ಅಧ್ಯಕ್ಷರಿಗೆ ಸಾವಿನ ಮರುಪುಟದಲ್ಲಿ ಸಕ್ಕರೆ ಸಿಗುವುದಿಲ್ಲ. ಅದು ಇನ್ನೂ ಅನ್ಯಾಯ. ಹೇಳಿದರೆ ಗ್ರಂಥಾಲಯದ ಕೆಲಸ ಹೋಗುತ್ತದೆ. ಅವರಿಗಿದ್ದ ನಿಶ್ಚಿತವಾದ ಕೆಲಸ ಅದೊಂದೇ. ಒಂದು ವಾರ ಕುಳಿತು ಚೀಲಗಳಲ್ಲಿದ್ದ ಉಳಿದ ಪುಸ್ತಕಗಳನ್ನೆಲ್ಲ ಮುಗಿಸಿದರು. ಮುಂದಿನ ಶನಿವಾರ ಐದಕ್ಕೆ, ಬಿಚ್ಚಿದ ಎಂಟನೆಯ ಸಂಪುಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನೇರವಾಗಿ ಹಿಂಕೋಣೆಗೆ ಬಂದರು.

ಫಾರಂಗಳನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಜೋಡಿಸಿ ಗೀಟುಗಳನ್ನು ತೋರಿಸಿದರು.

“ಇದು ನನ್ನ ಕೈತಪ್ಪು ಸರ್. ಹತ್ತು, ಹನ್ನೊಂದು ಅದಲುಬದಲಾಗಿದೆ. ಒಂದು ಫಾರಂ ಜಾಗ ಬಿಟ್ರೆ ಮೂರು ಕಡೆ ಮಾತು ತುಂಡಾಗುತ್ತೆ. ನಿಮ್ಮ ಮೂರು ಬಿರುಕು ಅವೇ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೆಟ್ಟಿಲು ಸರಿಹೋಗಲಿಲ್ಲ.

“ನೋಡಮ್ಮಾ, ಲೇಖಕರ ಮನಸ್ಸಿನಲ್ಲಿ ಏನಿತ್ತು ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು?”

“ಅವ್ರ ಮನಸ್ಸು ಗೊತ್ತಿಲ್ಲ ಸರ್. ನಮ್ಮನೆ ಹಾಲು ಉಕ್ಕಿದ್ದು ಗೊತ್ತು.”

“ಒಂದು ಪಾಯಿಂಟ್,” ಎಂದರು ಔಷಧಿ ಅಂಗಡಿಯವರು. “ಹಾಲು ಉಕ್ಕೋದೂ ವಿಶ್ವದ ನಿಯಮಾನೇ ಅಲ್ವಾ?”

“ಹನ್ನೊಂದು ವರ್ಷ ಆ ಸಾಲಿಗೆ ಅತ್ತಿದೀನಿ,” ಎಂದರು ಸಂಗೀತದ ಮೇಷ್ಟ್ರಮ್ಮ. “ಅದನ್ನ ಯಾರು ವಾಪಸ್ ಕೊಡ್ತಾರೆ?”

ಚರ್ಚೆ ಕಾವೇರಿತು. ಲೇಖಕನಿಗೆ ಹೊಳೆಯದ ಶಿಖರವನ್ನು ಆಕಸ್ಮಿಕ ಮುಟ್ಟಿರಬಹುದೆಂದು ಒಬ್ಬರು. ನಮ್ಮದೇ ಶ್ರೇಷ್ಠ ಪಾಠ, ಊರೂರಿನ ಪ್ರತಿಗಳೇ ಅಪಪಾಠ ಎಂದು ಇನ್ನೊಬ್ಬರು. ಸೂಜಿಯಕ್ಕನಿಗೆ ಯಾರೂ ಕುಳಿತುಕೊಳ್ಳಿ ಎನ್ನಲಿಲ್ಲ. ಅವರೇ ಮೂಲೆಯ ಕುರ್ಚಿಯಲ್ಲಿ ಕುಳಿತು, ಫಾರಂಗಳನ್ನು ಮಡಿಲಿಗೆ ಎಳೆದುಕೊಂಡು, ಸೂಜಿಗೆ ದಾರ ಪೋಣಿಸಿದರು. ವಿಶ್ವದ ಸ್ವರೂಪದ ಬಗ್ಗೆ ತಲೆ ಕೆಡಿಸಿಕೊಂಡಿದ್ದವರಿಗೆ ಅದು ಕಾಣಿಸಲಿಲ್ಲ.

ಏಳಕ್ಕೆ ಹತ್ತು ನಿಮಿಷವಿದ್ದಾಗ ಠರಾವು ಮಂಡನೆಯಾಯಿತು: ಎಂಟನೆಯ ಸಂಪುಟವನ್ನು ಬಳಗಕ್ಕೆ ರೂಢಿಯಾದ ಕ್ರಮದಲ್ಲಿಯೇ ಹೊಲಿಸತಕ್ಕದ್ದು. ಎಂಟು ಕೈಗಳು ಮೇಲೆದ್ದವು. ನಾನು ಬರೆದುಕೊಂಡೆ.

ಸೂಜಿಯಕ್ಕ ದಾರವನ್ನು ಹಲ್ಲಿನಿಂದ ಕಡಿದರು. “ಆಯ್ತು,” ಎಂದರು.

“ಏನಾಯ್ತು?”

“ಹೊಲಿಗೆ. ಹತ್ತಾದ ಮೇಲೆ ಹನ್ನೊಂದು.” ಪುಸ್ತಕವನ್ನು ಮೇಜಿನ ಮೇಲಿಟ್ಟು ಅದರ ಪಕ್ಕದಲ್ಲಿ ತಮ್ಮ ಗಿಡ್ಡ ಚಾಕುವನ್ನೂ ಇಟ್ಟರು. “ಗೊತ್ತಿದ್ದೂ ತಪ್ಪು ಹೊಲಿಯೋಕೆ ನನ್ನ ಕೈಲಾಗಲ್ಲ ಸರ್. ನಿಮಗೆ ಬೇಕಿದ್ರೆ ನೀವೇ ಬಿಚ್ಕೊಳ್ಳಿ.”

ಎಂಟು ಮಂದಿ ಚಾಕುವನ್ನು ನೋಡಿದರು. ಈಗಷ್ಟೇ ಮೇಲೆದ್ದಿದ್ದ ಕೈಗಳಲ್ಲಿ ಒಂದೂ ಮುಂದೆ ಬರಲಿಲ್ಲ.

“ಮುಂದಿನ ತಿಂಗಳಿಂದ ನೀವು ಬರೋ ಅಗತ್ಯ ಇಲ್ಲ,” ಎಂದರು ಅಧ್ಯಕ್ಷರು.

“ಗೊತ್ತಿತ್ತು ಸರ್. ಉಳಿದ ಪುಸ್ತಕ ಎಲ್ಲಾ ಮುಗಿಸಿ ಹೊರಗಿಟ್ಟಿದೀನಿ.” ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು.

ಸಮ್ಮೇಳನದ ಹಿಂದಿನ ದಿನ ಅಧ್ಯಕ್ಷರಿಗೆ ಗಂಟಲು ಕಟ್ಟಿತು, ಮಂಡನೆ ರದ್ದಾಯಿತು. ಕ್ಷೇಮವಾಗಿ ಮನೆಯಲ್ಲೇ ಉಳಿದುದಕ್ಕೆ ಅವರು ಯಾರಿಗೂ ಕೃತಜ್ಞತೆ ಸಲ್ಲಿಸಿದ ದಾಖಲೆ ನಡಾವಳಿಯಲ್ಲಿಲ್ಲ. ಸರಿಯಾದ ಕ್ರಮದಲ್ಲಿ ಓದಿದ ಮೇಲೆ ಎಂಟನೆಯ ಸಂಪುಟ ಇಡೀ ಮಾಲೆಯಲ್ಲೇ ಸಪ್ಪೆಯಾದದ್ದು ಎಂದು ಬಳಗ ಒಮ್ಮತದಿಂದ ತೀರ್ಮಾನಿಸಿತು. ಈಗ ನಮ್ಮ ಪುಸ್ತಕಗಳು ಗೋಂದಿನ ಯಂತ್ರವಿರುವ ಅಂಗಡಿಗೆ ಹೋಗುತ್ತವೆ. ಎರಡನೆಯ ಸಲ ತೆರೆದಾಗ ಹಾಳೆಗಳು ನೆಲಕ್ಕೆ ಉದುರುತ್ತವೆ, ನಾನು ಆರಿಸಿಡುತ್ತೇನೆ.

ಸೂಜಿಯಕ್ಕ ಒಂದು ಮುದ್ರಣಾಲಯದಲ್ಲಿ ಮಡಿಸುವ ಕೆಲಸಕ್ಕೆ ಸೇರಿದರು. ಔಷಧಿ ಡಬ್ಬಿಯೊಳಗೆ ಇಡುವ ಸಣ್ಣ ಅಕ್ಷರದ ಚೀಟಿಗಳು, ದಿನವಿಡೀ. ನಾಲ್ಕು ತಿಂಗಳ ಮೇಲೆ ಒಂದು ಶನಿವಾರ ಕೌಂಟರಿಗೆ ಬಂದು ಸದಸ್ಯತ್ವದ ಅರ್ಜಿ ಕೇಳಿದರು.

“ಆ ಚೀಟೀಲಿ ಓದೋಕೆ ಏನೂ ಇಲ್ಲ ಕಣಪ್ಪಾ. ಅಡ್ಡಪರಿಣಾಮ ಬಿಟ್ರೆ.”

ಕಾರ್ಡು ಕೊಟ್ಟೆ. ಮಾಲೆಯ ಒಂಬತ್ತನೆಯ ಸಂಪುಟ ತೆಗೆದುಕೊಂಡರು. ಗಟ್ಟಿಮುಟ್ಟಾಗಿದ್ದುದರಿಂದ ಅದು ಎಂದೂ ಅವರ ಕೈಗೆ ರಿಪೇರಿಗೆ ಹೋಗಿರಲಿಲ್ಲ. ಹಿಂಕೋಣೆಯಿಂದ ಔಷಧಿ ಅಂಗಡಿಯವರ ಧ್ವನಿ ಕೇಳಿಬರುತ್ತಿತ್ತು. ಕಾರ್ಡು ಇದ್ದವರು ಬಳಗದಲ್ಲೂ ಕೂರಬಹುದು, ನಿಯಮವಿದೆ, ಎಂದೆ.

ಅವರು ಬಾಗಿಲ ಬಳಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

“ಬೇಡಪ್ಪಾ, ನಾನು ಇದನ್ನ ಓದ್ಬೇಕು,” ಎಂದು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋದರು.