ಬಸ್ಸಿನಲ್ಲಿ ಕಂಡ ಕೆಂಪಂಗಿ

ಗೆಳೆಯರೇ, ಇವತ್ತು ಬೇಲೂರಿನಿಂದ ಹಳೇಬೀಡಿಗೆ ಹೊರಟ ಬಸ್ಸಿನಲ್ಲಿ ಹಿರಿಯರೊಬ್ಬರು ನನ್ನ ಫುಟ್‌ಬಾಲ್ ತಂಡದ ಕೆಂಪು ಅಂಗಿ ತೊಟ್ಟು ಕೂತಿದ್ದರು. ಇಂಗ್ಲೆಂಡಿನ ತಂಡ. ನಾಳೆ ಸೀಸನ್ ಶುರು. ಆಫೀಸಿನಲ್ಲಿ ಎಲ್ಲರಿಗೂ ಕ್ರಿಕೆಟ್ಟೇ. ಈ ತಂಡದ ಬಗ್ಗೆ ಎದುರು ಕೂತು ಮಾತಾಡಲು ಅಭಿಮಾನಿಯಾದ ಹನ್ನೆರಡು ವರ್ಷಗಳಲ್ಲಿ ನನಗೊಬ್ಬರೂ ಸಿಕ್ಕಿಲ್ಲ. ಓಡಿಹೋಗಿ ಪಕ್ಕದಲ್ಲಿ ಕೂತೆ.

“ಈ ಸಲ ನಾವು ಪಟ್ಟಿಯಲ್ಲಿ ಮೊದಲ ನಾಲ್ಕರೊಳಗೆ ಬರ್ತೀವಿ ಅಲ್ವಾ ಸರ್? ಹೊಸ ಗೋಲ್‌ಕೀಪರ್ ಚೆನ್ನಾಗಿದ್ದಾನೆ.”

ಅವರು ಗಾಬರಿಯಿಂದ ನೋಡಿದರು. “ಯಾವ ನಾವು ಸಾ? ಇದು ನಮ್ಮ ಅಳಿಯ ಬಿಟ್ಟೋಗಿರೋ ಅಂಗಿ. ತ್ವಾಟಕ್ಕೆ ಹಾಕ್ಕೊತೀನಿ.”

ನನ್ನ ಮುಖ ಸಪ್ಪಗಾಗಿರಬೇಕು. ಅವರೇ, “ಅದೇನು ಹೇಳಿ ಸಾ, ಊರು ಬರಕ್ಕೆ ಇನ್ನೂ ಹೊತ್ತೈತೆ” ಎಂದರು.

ಹೇಳಿದೆ. ಹೊಸ ಕೋಚ್, ಹಳೇ ಸೋಲುಗಳು, ಮೊದಲ ಮೂರು ಪಂದ್ಯ ಗೆದ್ದೇ ಗೆಲ್ಲುತ್ತೇವೆಂಬ ನನ್ನ ಭವಿಷ್ಯ, ಎಲ್ಲವನ್ನೂ.

“ಇಷ್ಟು ಸೋತ್ರೂ ಅವರನ್ನೇ ಹಿಡ್ಕಂಡಿದ್ದೀರಲ್ಲ ಸಾ!”

ಹಳೇಬೀಡಿನಲ್ಲಿ ಇಳಿಯುವಾಗ ಎದೆಯ ಮೇಲಿನ ಲಾಂಛನವನ್ನೊಮ್ಮೆ ಸವರಿಕೊಂಡು, “ಗೆಲ್ತಾರೆ ಬಿಡಿ” ಎಂದರು. ಅವರ ಹೆಸರು ಕೇಳುವುದನ್ನೇ ಮರೆತೆ.

ಅಂತೂ ನಮ್ಮ ಕಡೆ ಈ ತಂಡಕ್ಕೆ ಈಗ ಒಂದೂವರೆ ಅಭಿಮಾನಿ. ಆ ಅರ್ಧ ಮತ್ತೆ ಯಾವ ಬಸ್ಸಿನಲ್ಲಿ ಸಿಗುತ್ತದೋ ಗೊತ್ತಿಲ್ಲ.