ಮಡಿಲಲ್ಲಿಟ್ಟ ಕತ್ತರಿ

ರಾಯಚೂರಿನಲ್ಲಿ ಬ್ಯೂಟಿ ಪಾರ್ಲರ್ ತೆರೆಯುವುದು ದೊಡ್ಡ ಮಾತಲ್ಲ. ನಾಲ್ಕು ಬೇಸಿಗೆ ಕಳೆದ ಮೇಲೂ ಅದರ ಬೋರ್ಡು ಅಲ್ಲೇ ಇದ್ದರೆ ಅದು ದೊಡ್ಡ ಮಾತು. ನಾನು ಮಾನ್ವಿಯಲ್ಲಿ ಒಬ್ಬರ ಪಾರ್ಲರಿನ ನೆಲ ಗುಡಿಸುತ್ತಾ ಕೆಲಸ ಕಲಿತವಳು. ಆಮೇಲೆ ದೇವದುರ್ಗದ ಕಡೆ ಮದುಮಕ್ಕಳ ತಲೆ ಕಟ್ಟುತ್ತಾ ಮನೆಮನೆ ಅಲೆದೆ. ಬ್ಯಾಗು ಹೊತ್ತು ಬಸ್ಸು ಕಾಯುವುದು ಸಾಕಾಗಿ, ರಾಯಚೂರಿನಲ್ಲಿ ಒಂದು ಮನೆಯ ಕೆಳಗಿನ ಕೋಣೆ ಬಾಡಿಗೆಗೆ ಹಿಡಿದೆ. ಒಂದು ಕುರ್ಚಿ, ಒಂದು ಕನ್ನಡಿ, ನಾನೇ ಬೀಗ ಹಾಕುವ ಒಂದು ಬಾಗಿಲು. ಮುದುಕಿಯಾಗುವ ತನಕ ಇಲ್ಲೇ ದುಡಿಯಬೇಕು ಅಂತ ಮೊದಲ ದಿನವೇ ಹಟ ಹಿಡಿದಿದ್ದೆ.

ಆ ಹಟ ನಡೆಯುವುದು ಬಿಡುವುದು ಮನೆಯ ಒಡತಿಯ ಕೈಯಲ್ಲಿತ್ತು. ಅಕ್ಕಿ ಗಿರಣಿಯವರ ಮನೆತನ. ಮೇಲಿನ ಮಹಡಿಯಲ್ಲೇ ವಾಸ. ನನ್ನ ಹತ್ತಿರ ಬರುತ್ತಿದ್ದ ಹೆಂಗಸರಲ್ಲಿ ಮುಕ್ಕಾಲು ಪಾಲು ಅವರ ಬೀಗರು, ನಾದಿನಿಯರು, ಓಣಿಯ ಗೆಳತಿಯರು. ಒಡತಿ ತಾವೂ ಹುಬ್ಬು ತಿದ್ದಿಸಿಕೊಳ್ಳಲು ತಪ್ಪದೆ ಬರುತ್ತಿದ್ದರು. ತಲೆಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. "ತಲಿಗೆ ಬ್ಯಾಡ, ನೆಗಡಿ ಆಗ್ತದ" ಅನ್ನುತ್ತಿದ್ದರು. ರಾಯಚೂರಿನ ಬಿಸಿಲಿನಲ್ಲಿ ನೆಗಡಿ! ನಾನು ದಾರ ಹಲ್ಲಲ್ಲಿ ಕಚ್ಚಿಕೊಂಡು ನಗು ತಡೆಯುತ್ತಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ತಾಯಿ ಮಗಳು ಇಬ್ಬರು ಬಂದು ಬಾಗಿಲಲ್ಲಿ ನಿಂತರು. ಮಂಗಳವಾರ ನಮ್ಮ ಕಡೆ ಹೆಂಗಸರು ಕೂದಲಿಗೆ ಕತ್ತರಿ ಹಾಕಿಸುವುದಿಲ್ಲ, ಹೀಗಾಗಿ ಅಂಗಡಿ ಖಾಲಿ. ಅರಕೇರಾ ಕಡೆಯವರು. ಬೇರೆ ಪಾರ್ಲರಿನವರೆಲ್ಲ ಹೊರಗೇ ನಿಲ್ಲಿಸಿ ಕಳಿಸಿದ್ದರಂತೆ. ಹುಡುಗಿ ದುಪಟ್ಟಾ ಸರಿಸಿದಾಗ ಕಾರಣ ತಿಳಿಯಿತು. ಅವಳ ಕೂದಲು ಹಗ್ಗದಂತೆ ಗಂಟುಗಟ್ಟಿ ಜಟೆಯಾಗಿತ್ತು. ಅದರ ತುಂಬ ದೇವಿಯ ಭಂಡಾರದ ಅರಿಶಿನ, ಕುಂಕುಮ.

ಹಿಂದಿನ ವರ್ಷ ಜ್ವರ ಬಂದು ಬಹಳ ದಿನ ಮಲಗಿದಾಗ ಯಾರೂ ತಲೆ ಬಾಚಿರಲಿಲ್ಲ, ಅಷ್ಟೇ. ಊರವರು ದೇವಿ ಅವ್ವ ಮೈಮೇಲೆ ಬಂದಿದ್ದಾಳೆ, ಜಟೆಗೆ ಕೈ ಹಾಕಿದರೆ ಮನೆಗೆ ಕೇಡು ಅಂದರು. ಆಮೇಲೆ ಹಣಿಗೆ ಮುಟ್ಟಿಸಲು ಯಾರಿಗೂ ಧೈರ್ಯವಾಗಲಿಲ್ಲ. ಈಗ ಅವಳಿಗೆ ರಾಯಚೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು.

"ಜನ ನನ್ನ ಕಾಲಿಗೆ ಬೀಳ್ತಾರ ಅಕ್ಕ," ಅಂದಳು ಹುಡುಗಿ. "ಮಾತು ಮಾತ್ರ ಯಾರೂ ಆಡಂಗಿಲ್ಲ."

ನನಗೂ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಜಟೆಗೆ ಕೈ ಹಾಕಿದವಳು ಅಂತ ಸುದ್ದಿಯಾದರೆ ನನ್ನ ಕೈಗೆ ತಲೆ ಕೊಡುವವರು ಯಾರು? ಇಲ್ಲ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಸುಮ್ಮನೆ ದುಪಟ್ಟಾ ಮತ್ತೆ ಹೊದೆಯತೊಡಗಿದಳು. ಇಲ್ಲ ಅನ್ನಿಸಿಕೊಂಡು ಅಭ್ಯಾಸವಾದ ಕೈ ಅದು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಹೇಳಲಾರೆ. "ಕೂಡು" ಅಂದೆ.

ತಾಯಿ ನಡುವೆ ಬಂದಳು. "ಕತ್ತರಿ ಹಚ್ಚಂಗಿಲ್ಲ ನೋಡವ್ವಾ. ಹಚ್ಚಿದಿ ಅಂದ್ರ ಇವಳ ಕೈ ಹಿಡಕೊಂಡು ಊರಿಗೆ ಹೊಂಟ ಬಿಡ್ತೀನಿ."

"ಹಚ್ಚಂಗಿಲ್ಲ ಯವ್ವಾ. ತಗೋ, ನೀನ ಇಟ್ಕೋ," ಅಂದು ನನ್ನ ಕತ್ತರಿಯನ್ನು ಅವಳ ಮಡಿಲಲ್ಲಿಟ್ಟೆ.

ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಗಂಟುಗಳಿಗೆ ಕುಡಿಸಿದೆ. ತುದಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು, ಬುಡ ಒಂದು ಕೈಯಲ್ಲಿ ಬಿಗಿ ಹಿಡಿದಿರಬೇಕು, ಇಲ್ಲದಿದ್ದರೆ ನೋವು ತಡೆಯಲಾಗದು. ಹಣಿಗೆಯ ಚೂಪಾದ ಹಿಡಿಯಿಂದ ಎಳೆ ಎಳೆಯಾಗಿ ಬಿಡಿಸುತ್ತಾ ಹೋದೆ. ಕಿವಿಯ ಹಿಂದಿನ ಒಂದು ಗಂಟು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನನ್ನ ಕಣ್ಣು ತಾನಾಗಿ ಕತ್ತರಿಯ ಕಡೆ ಹೋಯಿತು. ತಾಯಿ ಅದರ ಮೇಲೆ ಸೆರಗು ಎಳೆದುಕೊಂಡಳು. ಬೆರಳು ಮರಗಟ್ಟಿದ್ದರೂ ಮತ್ತೆ ಎಣ್ಣೆ ಹಚ್ಚಿ ಕೂತೆ.

ಆ ಹೊತ್ತಿಗೇ ಒಡತಿ ಹುಬ್ಬು ತಿದ್ದಿಸಲು ಇಳಿದು ಬಂದರು. ಹೊಸ್ತಿಲಲ್ಲೇ ನಿಂತುಬಿಟ್ಟರು.

"ಮಂಗಳವಾರ ದಿನ ನನ್ನ ಮನ್ಯಾಗ ಏನ್ ನಡಸೀದಿ?"

"ಕೊಯ್ಯಾಕತ್ತಿಲ್ರೀ ಅಮ್ಮಾರ. ಬಿಡಸಾಕತ್ತೀನಿ ಅಷ್ಟ."

"ಎರಡೂ ಒಂದ. ಬರೋ ಅಮಾಸಿ ಒಳಗ ನನ್ನ ಮನ್ಯಾಗ ಯಾರಿಗಾದ್ರೂ ಏನರ ಆತಂದ್ರ, ನಿನ್ನ ಕುರ್ಚಿ ರಸ್ತೇದಾಗ ಇರ್ತದ."

ಹೇಳುವಾಗ ಅವರ ಒಂದು ಕೈ ತಮ್ಮ ತುರುಬಿನ ಮೇಲಿತ್ತು. ಹುಬ್ಬು ಹಾಗೇ ಬಿಟ್ಟು ಮೆಟ್ಟಿಲು ಹತ್ತಿ ಹೋದರು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಗಂಟು ಬಿಟ್ಟಿತು. ತಲೆ ತೊಳೆದು ಒರೆಸಿದೆ. ಹುಡುಗಿ ಎರಡೂ ಕೈಯ ಬೆರಳು ಕೂದಲೊಳಗೆ ತೂರಿಸಿ ತಲೆ ಕೆರೆದುಕೊಂಡಳು. ಕೆರೆದುಕೊಂಡೇ ಕೆರೆದುಕೊಂಡಳು, ನಗುತ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು. ತಾಯಿ ಉದುರಿದ ಕೂದಲನ್ನೆಲ್ಲ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು, ಹೊಳೆಗೆ ಬಿಡಲು. ಕತ್ತರಿಯನ್ನು ನನ್ನ ಕೈಗೆ ಕೊಡುವ ಮೊದಲು ಕಣ್ಣಿಗೊತ್ತಿಕೊಂಡಳು.

ಆಮೇಲಿನಂಥ ದಿನಗಳು ನನಗೆ ಮತ್ತೆ ಬೇಡವೇ ಬೇಡ. ಒಡತಿಯ ಕಡೆಯವರು ಬರುವುದು ನಿಂತಿತು. ಫೋನು ಮಾಡಿ ನಿಗದಿ ಮಾಡಿದ್ದವರು ಊರಿಗೆ ಹೊರಟಿದ್ದೇವೆ ಅಂದರು. ಎಲ್ಲರಿಗೂ ಒಮ್ಮೆಲೇ ಊರಿನ ನೆನಪು! ಖಾಲಿ ಅಂಗಡಿಯಲ್ಲಿ ಕೂತು ನಾನು ಮೇಲಿನ ಮಹಡಿಯ ಸದ್ದು ಕೇಳುತ್ತಿದ್ದೆ. ಅಮಾವಾಸ್ಯೆ ಇನ್ನೇನು ಬಂತು ಅನ್ನುವಾಗ ಒಡತಿಯ ಮೊಮ್ಮಗು ಕೆಮ್ಮತೊಡಗಿತು. ಒಂದೊಂದು ಕೆಮ್ಮಿಗೂ ನಾನು ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ನಿಲ್ಲುತ್ತಿದ್ದೆ. ಮಗುವನ್ನು ಆಟೋದಲ್ಲಿ ದವಾಖಾನೆಗೆ ಒಯ್ದಾಗ ನಾನು ಬಾಟಲಿಗಳನ್ನು ಡಬ್ಬಿಗೆ ತುಂಬಲು ಶುರುಮಾಡಿದೆ. ತಪ್ಪಾಗಿದ್ದರೆ ನನ್ನ ಮೇಲೆ ಹಾಕಿಕೋ, ಕೂಸಿಗೆ ಬೇಡ ಅಂತ ಆ ಅವ್ವನಿಗೇ ಕೈಮುಗಿದೆ. ಕೂಸಿಗೆ ಬರೀ ಶೀತವಾಗಿತ್ತು. ಸಂಜೆಗೆ ಮೆಟ್ಟಿಲ ಮೇಲೆ ಕುಣಿಯುತ್ತಿತ್ತು. ಆದರೂ ನಾನು ಡಬ್ಬಿ ಬಿಚ್ಚಲಿಲ್ಲ.

ಅಮಾವಾಸ್ಯೆ ಕಳೆದ ಮರುದಿನ ಮಧ್ಯಾಹ್ನ ಒಡತಿ ಬಂದರು. ಒಳಗೆ ಬಂದವರೇ ಬಾಗಿಲು ಹಾಕಿ ಚಿಲಕ ಜಡಿದರು.

"ಯಾವಾಗ ಖಾಲಿ ಮಾಡ್ಬೇಕ್ರೀ ಅಮ್ಮಾರ?" ಅಂತ ನಾನೇ ಕೇಳಿಬಿಟ್ಟೆ.

"ಆ ಹುಡುಗಿ ಹ್ಯಾಂಗ ಅದಾಳ?"

"ಕಾಲೇಜಿಗೆ ಹೊಂಟಾಳ್ರೀ. ಎರಡು ಹೆರಳು ಹಾಕ್ಕೊಂಡು ಫೋಟೋ ಕಳಸ್ಯಾಳ."

ಫೋನು ಇಸಿದುಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತರು. ಹೊರಗಿನ ಕೂದಲು ನುಣ್ಣಗೆ ಬಿಚ್ಚಿಕೊಂಡಿತು. ಒಳಗೆ, ಕತ್ತಿನ ಹತ್ತಿರ, ಕಟ್ಟಿಗೆಯಷ್ಟು ಗಟ್ಟಿಯಾದ ಜಟೆಯೊಂದು ಸುರುಳಿ ಸುತ್ತಿಕೊಂಡಿತ್ತು.

"ಮಗನ ಬಾಣಂತನದಾಗ ಆದದ್ದು," ಅಂದರು. ಆ ಮಗ ಈಗ ಗಿರಣಿ ನೋಡಿಕೊಳ್ಳುತ್ತಾನೆ. "ಕೊಯ್ಯಾಕ ಅಂಜಿಕಿ. ತೋರ್ಸಾಕ ನಾಚಿಕಿ."

ನಾನು ಎಣ್ಣೆ ಬಿಸಿಗಿಟ್ಟೆ. ಕತ್ತರಿ ತಂದು ಅವರ ಮಡಿಲಲ್ಲಿಟ್ಟೆ. ಬುಡ ಹಿಡಿದು ನೋಡಿದೆ. ಇಷ್ಟು ವರ್ಷದ ಗಂಟು, ಎಣ್ಣೆ ಒಳಗೆ ಇಳಿಯುವಂತಿರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿ ಅವರಿಗೇ ಗೊತ್ತಾಯಿತು.

"ಬಿಡಂಗಿಲ್ಲ, ಹೌದಿಲ್ಲ?"

"ಇಲ್ರೀ ಅಮ್ಮಾರ."

ಅವರು ಮಡಿಲಿನ ಕತ್ತರಿ ತೆಗೆದು ಭುಜದ ಮೇಲಿಂದ ನನ್ನ ಕೈಗೆ ಕೊಟ್ಟರು.

"ಅಮ್ಮಾರ, ನಾಳೆ ಏನರ ಆತಂದ್ರ ನನ್ನ ಕುರ್ಚಿ..."

"ಕುರ್ಚಿ ಒಯ್ದ್ರ ನಾ ಎಲ್ಲಿ ಕುಂದರ್ಲಿ? ಕೊಯ್ಯಿ ಬೇ."

ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಬೇಕು ಅಂತ ನನಗೂ ಅನ್ನಿಸಿತು, ಆದರೆ ಕತ್ತರಿ ನನ್ನ ಕೈಯಲ್ಲಿತ್ತು.